ಜೀಪಿನ ಬಲಗಣ್ಣಿನ ಕಿಲುಬು

ಶನಿವಾರ ರಾತ್ರಿ ಹತ್ತೂವರೆ. ನಮ್ಮ ಕಾಕಾನ ಮಗ ಭೀಮೇಶ ಹೊಲದ ದಾರಿ ಹಿಡಿದು ಊರಿಗೆ ಬರುತ್ತಿದ್ದ. ಸಿಳ್ಳೆ ಹೊಡೆಯುತ್ತಿದ್ದ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದಿನದು ಕೇಳಿದ ಮೇಲೆ ನೀವು 'ಪುಕ್ಕಲ ಇರಬೇಕು ಬಿಡು' ಅಂದೇ ಅನ್ನುತ್ತೀರಿ. ಅಂಜಿದವನ ಸಿಳ್ಳೆ ಬೇರೆ, ಗೆದ್ದವನ ಸಿಳ್ಳೆ ಬೇರೆ. ಅವನದು ಗೆದ್ದವನ ಸಿಳ್ಳೆ. ನಮ್ಮ ಮನೆತನದಲ್ಲಿ ಅಂಜುವವರು ಹುಟ್ಟಿಲ್ಲ.

ಎರಡೂ ಬದಿಗೆ ಕಡ್ಲಿ ಹೊಲ. ಮೇಲೆ ಅರ್ಧ ಚಂದ್ರ. ಹೆಗಲ ಚೀಲದೊಳಗೆ ರಿಪೇರಿಯ ಪಕ್ಕಡ, ಪಾನಾ ಒಂದಕ್ಕೊಂದು ಬಡಿದು ಖಣ್... ಖಣ್... ಅನ್ನುತ್ತಿದ್ದವು. ಸವಳು ಬಾವಿ ಬಂತು. ಶಂಭುಲಿಂಗಪ್ಪ ಸಾವ್ಕಾರ್ರ ಹೊಲದ ಶೆಡ್ಡಿಗೂ ಊರಿಗೂ ನಡುವೆ, ರಸ್ತೆಗೆ ಹತ್ತಿಕೊಂಡೇ ಇರುವ ಹಳೇ ಬಾವಿ ಅದು. ನೀರು ಬಾಯಿಗೆ ಇಡುವ ಹಾಗಿಲ್ಲ, ಅಷ್ಟು ಉಪ್ಪು. ನೀರು ಸೇದುವ ಗಾಲಿ ಬಿಚ್ಚಿ ಯಾವ ಕಾಲವೋ ಆಯಿತು.

ಭೀಮೇಶ ನಿಂತ. ಚೀಲದೊಳಗಿಂದ ಒಂದು ಹಳೇ ಪ್ಲಗ್ಗು ತೆಗೆದ. ಜೀಪಿನ ಮುಂದಿನ ಲೈಟಿನ ಬೆನ್ನಿಗೆ ಸಿಗಿಸುತ್ತಾರಲ್ಲ, ಒಳಗೆ ಮೂರು ಹಿತ್ತಾಳೆ ಕಿವಿ ಇರುವಂಥದ್ದು. ಮೂರೂ ಕಿವಿ ಹಸಿರು ಹಿಡಿದಿದ್ದವು.

"ಎರಡ ದಿನ ನನ್ನ ಜೀವಾ ತಿಂದಿ," ಅಂದ ಅದಕ್ಕೆ. "ಹೋಗು. ಇಲ್ಲೇ ಸಾಯಿ ಇನ್ನ."

ಬೀಸಿ ಒಗೆದ. ಒಂದು ಕ್ಷಣ ಏನೂ ಇಲ್ಲ... ಆಮೇಲೆ ಆಳದಲ್ಲಿ, ಬುಳುಕ್.

ಮತ್ತೆ ಸಿಳ್ಳೆ. ಇಪ್ಪತ್ತು ಹೆಜ್ಜೆ ಹೋಗಿರಬೇಕು.

ಸ್ರಕ್.

ನಿಂತ.

ಸ್ರಕ್... ಸ್ರಕ್... ಸ್ರಕ್.

ಬೇರೆ ಯಾರಾದರೂ ಆಗಿದ್ದರೆ ಹೆಗ್ಗಣ ಅನ್ನುತ್ತಿದ್ದರು. ಭೀಮೇಶನಿಗೆ ಆ ಸಪ್ಪಳ ಚೆನ್ನಾಗಿ ಗೊತ್ತು. ಪಾಲಿಶ್ ಕಾಗದ ಬೆರಳಿಗೆ ಸುತ್ತಿ ಹಿತ್ತಾಳೆ ತಿಕ್ಕುವ ಸಪ್ಪಳ. ವಾರದಿಂದ ಹಗಲೂ ರಾತ್ರಿ ಅವನು ಮಾಡಿದ್ದೇ ಅದನ್ನು. ಮೂರು ಸಲ ತಿಕ್ಕಬೇಕು, ಒಂದು ಸಲ ಊದಬೇಕು, ಮತ್ತೆ ಮೂರು ಸಲ. ಬಾವಿಯೊಳಗಿಂದ ಮೂರು ಸಲ ಸ್ರಕ್ ಅಂತು. ಆಮೇಲೆ... ಫೂ. ಯಾರೋ ಪುಡಿ ಊದಿದ ಹಾಗೆ.

"ಯಾವನಲೇ ಅಂವಾ?"

ಸಪ್ಪಳ ನಿಂತಿತು.

"ಗಂಡಸ ಇದ್ರ ಮ್ಯಾಲ ಬಾ."

ಏನಿಲ್ಲ. ಕಡ್ಲಿ ಗಿಡ ಸುಯ್ ಅಂದವು, ಅಷ್ಟೇ. ಅವನು ಒಂದು ಹೆಜ್ಜೆ ಇಟ್ಟ. ಸ್ರಕ್. ನಿಂತ. ಅದೂ ನಿಂತಿತು. ಸಿಳ್ಳೆ ತುಟಿಯ ಮೇಲೇ ಒಣಗಿತು. ಅವನು ಓಡಲಿಲ್ಲ. ಜೋರು ನಡೆದ. ಓಡುವುದಕ್ಕೂ ಜೋರು ನಡೆಯುವುದಕ್ಕೂ ಫರಕು ಇದೆ, ತಿಳಿದುಕೊಳ್ಳಿರಿ.

ಈಗ ಆ ಪ್ಲಗ್ಗಿನ ಹಕೀಕತ್ತು ಹೇಳಬೇಕು.

ಶಂಭುಲಿಂಗಪ್ಪ ಸಾವ್ಕಾರ್ರ ಜೀಪು ಹನ್ನೊಂದು ವರ್ಷದಿಂದ ಹೊಲದ ಶೆಡ್ಡಿನಲ್ಲಿ ತಾಡಪತ್ರಿ ಹೊದ್ದು ನಿಂತಿತ್ತು. ಅದನ್ನು ಇಪ್ಪತ್ತು ವರ್ಷ ಓಡಿಸಿದವನು ಇಮಾಮಹುಸೇನ. ಊರಿನ ಅರ್ಧ ಹೆಣ್ಣುಮಕ್ಕಳನ್ನು ಹೆರಿಗೆಗೆ ನವಲಗುಂದದ ದವಾಖಾನೆಗೆ ಒಯ್ದವನು ಅವನೇ. ಒಂದು ರಾತ್ರಿ ಸವಳು ಬಾವಿಯ ಮುಂದೆ ಜೀಪಿನ ಬಲಗಡೆ ಲೈಟು ಹೋಯಿತು. ಇಳಿದು, ಬಗ್ಗಿ, ಪ್ಲಗ್ಗು ತಿಕ್ಕುತ್ತಿದ್ದ. ಎದುರಿಗೆ ಲೈಟಿಲ್ಲದ ಟ್ರ್ಯಾಕ್ಟರ್ ಒಂದು ಬಂತು. ಅದನ್ನು ಓಡಿಸುತ್ತಿದ್ದವನು ಒಂದೇ ಲೈಟು ಕಂಡು, ಬದಿಗೆ ಮೋಟರ್‌ಸೈಕಲ್ ನಿಂತಿದೆ ಅಂತ ತಿಳಿದು ಅದರ ಮಗ್ಗುಲಿಗೇ ನುಗ್ಗಿಸಿದ. ಇಮಾಮಹುಸೇನ ಅಲ್ಲೇ ಹೋದ. ಅವತ್ತಿನಿಂದ ಜೀಪು ಯಾರೂ ಮುಟ್ಟಿರಲಿಲ್ಲ.

ಈ ವರ್ಷ ಸಾವ್ಕಾರ್ರ ಮಗ ಪ್ರಭುವಿಗೆ ಹುಕಿ ಬಂತು. "ಸೋಮವಾರ ಅಪ್ಪಗ ಎಪ್ಪತ್ತೈದು ತುಂಬತಾವು. ಜೀಪಿನ್ಯಾಗ ಕುಂದರಿಸಿ, ಕತ್ತಲಾದ ಮ್ಯಾಲ ಲೈಟ್ ಹಾಕ್ಕೊಂಡು, ಹೊಲದಿಂದ ಮನಿತನಾ ಕರಕೊಂಡು ಬರಬೇಕು. ಅಗದಿ ಮೊದಲಿನಂಗ."

ಎಂಜಿನ್ನು ಅಣ್ಣಿಗೇರಿಯ ಮಿಸ್ತ್ರಿ ಮಾಡಿಕೊಟ್ಟ. ಬಣ್ಣ ಹೊಸದಾಯಿತು. ಉಳಿದದ್ದು ವೈರಿಂಗು. ಹುಬ್ಬಳ್ಳಿಯಿಂದ ಒಬ್ಬ ಬಂದು ನೋಡಿ, ಮೂಗು ಮುರಿದು, "ಎಲ್ಲಾ ಕಿತ್ತು ಒಗದು ಹೊಸಾದು ಹಾಕಬೇಕ್ರಿ, ತಿಂಗಳ ಬೇಕು" ಅಂದ. ಆಗ ಚಾದಂಗಡಿ ಕಟ್ಟೆಯ ಮೇಲಿದ್ದ ಭೀಮೇಶನಿಗೆ ತಡೆದುಕೊಳ್ಳಲಾಗಲಿಲ್ಲ.

"ತಿಂಗಳ? ನನಗ ಒಂದ್ ವಾರ ಸಾಕು, ಪ್ರಭಣ್ಣಾ. ವೈರಿಗೆ ಏನೂ ಆಗಿಲ್ಲ. ಜೋಡಣಿಗೆ ಕಿಲುಬು ಹಿಡದೈತಿ, ಅಷ್ಟ. ತಿಕ್ಕಿದ್ರ ಮುಗೀತು."

"ಹತ್ತಲಿಲ್ಲಂದ್ರ?"

"ನನ್ನ ಪಕ್ಕಡ ಸವಳು ಬಾವ್ಯಾಗ ಒಗದು ಆಡು ಕಾಯಾಕ ಹೋಗತೀನಿ."

ಅಷ್ಟಕ್ಕೇ ಸುಮ್ಮನಾಗಿದ್ದರೆ ಚೆನ್ನಾಗಿತ್ತು. ಹತ್ತು ಜನ ಕೇಳುತ್ತಿದ್ದರಲ್ಲ, ಇನ್ನೊಂದು ಮಾತು ಸೇರಿಸಿದ. "ಇಮಾಮಕಾಕಾನೂ ಹೊತ್ತಿಗೆ ಸರಿಯಾಗಿ ಪ್ಲಗ್ ನೋಡಕೊಂಡಿದ್ರ ಇವತ್ತಿಗೂ ಇರತಿದ್ದ. ಸ್ಟೇರಿಂಗ್ ತಿರವೂದಕ್ಕ ಡ್ರೈವರಿಕಿ ಅನ್ನಂಗಿಲ್ಲ."

ಎಲ್ಲರೂ ನಕ್ಕರು. ಊರಲ್ಲಿ ಅದು ಹಳೇ ಮಾತೇ. ಗಾಡಿ ಕಲಿಯುವ ಹುಡುಗರಿಗೆ 'ಇಮಾಮನಂಗ ಮಾಡಬ್ಯಾಡ್ರಲೇ' ಅನ್ನುವುದು ರೂಢಿ.

ಪ್ರಭು ಕಿಸೆಯಿಂದ ಕೀಲಿ ತೆಗೆದು ತೋರಿಸಿದ. ನವಲಗುಂದ ಬಸ್‌ಸ್ಟ್ಯಾಂಡ್ ಬಾಜು ಅವನ ಖಾಲಿ ಅಂಗಡಿಯ ಕೀಲಿ. "ಸೋಮವಾರ ಎರಡೂ ಲೈಟ್ ಹತ್ತಿದ್ರ ಅಂಗಡಿ ನಿನಗ. ಇಲ್ಲಂದ್ರ ಹುಬ್ಬಳ್ಳಿಯಂವಗ. ಅಂವಾ ಆಗಲೇ ಕೇಳ್ಯಾನ."

ಹುಬ್ಬಳ್ಳಿಯ ಗ್ಯಾರೇಜಿನಲ್ಲಿ ಮೂರು ವರ್ಷ ಕಲಿತು ಬಂದು, ನಾಲ್ಕು ವರ್ಷ ಚೀಲ ಹೊತ್ತು ಊರೂರು ತಿರುಗಿದ ಭೀಮೇಶನಿಗೆ ಆ ಕೀಲಿ ಬಂಗಾರದ ಹಾಗೆ ಕಂಡಿತು. ಅವತ್ತು ಸಂಜೆಯೇ ಹೋಗಿ 'ಭೀಮೇಶ ಆಟೋ ಎಲೆಕ್ಟ್ರಿಕ್ಸ್' ಅಂತ ಬೋರ್ಡು ಬರೆಸಿಕೊಂಡು ಬಂದ. ಅಂಗಡಿ ಇನ್ನೂ ಇಲ್ಲ, ಬೋರ್ಡು ಮಂಚದ ಹಿಂದೆ.

ಫ್ಯೂಸಿನ ಡಬ್ಬಿ ತೆರೆದಾಗ ಅವನ ಮುಖ ಸಣ್ಣದಾಯಿತು. ಎರಡು ವರ್ಷ ಅಟ್ಟದ ಮೇಲೆ ಮರೆತ ತಾಮ್ರದ ಕೊಡಕ್ಕೆ ಹಿಡಿಯುತ್ತದಲ್ಲ, ಅಂಥ ಕಿಲುಬು. ಹಸಿರು, ಪುಡಿಪುಡಿ, ಮುಟ್ಟಿದರೆ ಬೆರಳಿಗೆ ಹತ್ತುವಂಥದ್ದು. ಎಣಿಸಿದ. ಜೀಪಿನಲ್ಲಿ ಒಟ್ಟು ನಲವತ್ತೆರಡು ಜೋಡಣೆ. ಅಂಗಡಿಯಿಂದ ತಂದ ಔಷಧಿಯ ಡಬ್ಬಿ ಆರನೆಯದಕ್ಕೇ ಪುಸ್ ಅಂದು ಖಾಲಿ.

ಮನೆಯಲ್ಲಿ ಅವನ ಆಯಿ ಬಸವಣ್ಣೆವ್ವ ನಕ್ಕಳು. "ಹಿತ್ತಾಳಿ ಕಿಲುಬಿಗೆ ಔಷಧ ಯಾಕ ಬೇಕೋ ತಮ್ಮಾ? ಹುಣಸಿಹಣ್ಣು, ಉಪ್ಪು ಒಯ್ಯಿ."

ಒಯ್ದ. ಹೊಲದ ಶೆಡ್ಡಿಗೆ ಪಂಪ್‌ಸೆಟ್ಟಿನ ಲೈನು. ಆ ವಾರ ಕರೆಂಟು ರಾತ್ರಿ ಪಾಳಿ, ಏಳರಿಂದ ಹನ್ನೊಂದರವರೆಗೆ. ಬಲ್ಬು ಹತ್ತಿದ್ದೇ ಕೂತ. ಹುಣಸೆಹಣ್ಣು, ಉಪ್ಪು ಹಚ್ಚಿ ಹಳೇ ಹಲ್ಲುಜ್ಜುವ ಬ್ರಷ್ಷಿನಿಂದ, ಪಾಲಿಶ್ ಕಾಗದದಿಂದ ತಿಕ್ಕಿದ. ಆಹಾ... ಹಿತ್ತಾಳೆ ಫಳಫಳ. ಎರಡು ರಾತ್ರಿಯಲ್ಲಿ ನಲವತ್ತೆರಡೂ ಮುಗಿದವು. ಹತ್ತಿರದ ಬಾವಿಗೆ ಹಗ್ಗ ಬಿಟ್ಟು ಎರಡು ಬಕೀಟು ನೀರು ತಂದು ತೊಳೆದು ಮನೆಗೆ ಹೋದ.

ಬುಧವಾರ ಮುಂಜಾನೆ ಬಂದು ನೋಡಿದರೆ ನಲವತ್ತೆರಡೂ ಹಸಿರು.

ಅವನು ಬೈಯದವರೇ ಇಲ್ಲ. ಹುಬ್ಬಳ್ಳಿಯವನನ್ನು ಬೈದ, ಜೀಪು ಮಾಡಿದವನನ್ನು ಬೈದ, ಟೈರಿಗೆ ಒದ್ದು ಹೆಬ್ಬೆರಳು ಊದಿಸಿಕೊಂಡ. ಕುಂಟುತ್ತ ಮನೆಗೆ ಬಂದು ಆಯಿಯ ಮೇಲೆ ಹಾರಿದ. "ನಿನ್ನ ಹುಣಸಿಹಣ್ಣಿಗೆ ಬೆಂಕಿ ಹಚ್ಚಾ!"

"ಎಲ್ಲೀ ನೀರಲೇ ತೊಳದಿ?"

"ಸವಳು ಬಾವೀವು. ಹತ್ತರ ಐತಲ್ಲ."

"ಹುಚ್ಚಪ್ಯಾಲಿ!" ಆಯಿ ಹಣೆ ಬಡಿದುಕೊಂಡಳು. "ಕೊಡಾ ತಿಕ್ಕಿ ಸವಳು ನೀರಲೇ ತೊಳದ್ರ ಮುಂಜಾನಿಕ ಹಸರಾಗತೈತಿ. ಪರಕಾರ ಉಟ್ಟ ಹುಡುಗೀಗೂ ಗೊತ್ತೈತಿ. ಕೆರಿ ನೀರು ಬೇಕೋ, ಸಿಹಿ ನೀರು! ಹುಬ್ಬಳ್ಯಾಗ ಏನ್ ಕಲತಿ ಮೂರು ವರ್ಷ, ಚಾ ಕುಡ್ಯೂದನ?"

ಅದು ಅವನ ತಪ್ಪು. ಅಲ್ಲಿ ದೆವ್ವ ಭೂತ ಏನೂ ಇಲ್ಲ, ನಾನೂ ಒಪ್ಪುತ್ತೇನೆ. ಕೆರೆಯ ನೀರು ಕ್ಯಾನಿನಲ್ಲಿ ಹೊತ್ತು ತಂದ. ಎರಡು ದಿನ ಮತ್ತೆ ಕೂತು ನಲವತ್ತೆರಡೂ ತಿಕ್ಕಿದ, ತೊಳೆದ, ಪೆಟ್ರೋಲಿನಲ್ಲಿ ಒರೆಸಿದ, ಒಣಗಿಸಿದ, ಗ್ರೀಸು ಹಚ್ಚಿದ. ಬೆರಳ ತುದಿಯ ಚರ್ಮ ಹೋಗಿ ಹುಣಸೆ ಹುಳಿ ತಾಗಿದರೆ ಜೀವ ಹೋಗುತ್ತಿತ್ತು.

ಶುಕ್ರವಾರ ಮುಂಜಾನೆ ನಲವತ್ತೊಂದು ಬಂಗಾರದ ಹಾಗೆ ಇದ್ದವು.

ಒಂದು ಹಸಿರು. ಬಲಗಡೆ ಲೈಟಿನ ಪ್ಲಗ್ಗು.

ಗ್ರೀಸು ಹಚ್ಚಿದ ಪ್ಲಗ್ಗಿನೊಳಗೆ ಕಿಲುಬು ಹೇಗೆ ಬಂತು? ಮತ್ತೆ ತಿಕ್ಕಿದ. ಆಯಿ ಹೊಟ್ಟೆನೋವಿಗೆ ಅಂತ ಕಡ್ಲಿ ಗಿಡದ ಮೇಲೆ ರಾತ್ರಿ ಅರಿವೆ ಹಾಸಿ, ಇಬ್ಬನಿ ಹೀರಿದ ಮೇಲೆ ಹಿಂಡಿಟ್ಟ ಹುಳಿ ಇತ್ತು, ಅದನ್ನೂ ಕದ್ದು ತಂದು ಹಚ್ಚಿದ. ರಾತ್ರಿ ಲೈಟು ಹತ್ತಿತು. ಟೇಪು ಸುತ್ತಿ, ಶೆಡ್ಡಿಗೆ ಬೀಗ ಜಡಿದು ಹೋದ. ಶನಿವಾರ ಮುಂಜಾನೆ ಟೇಪು ಸುತ್ತಿದ್ದು ಸುತ್ತಿದ ಹಾಗೇ ಇತ್ತು. ಬಿಚ್ಚಿದ. ಒಳಗೆ ಹಸಿರು. ಒಂದು ಹನಿ ನೀರು ಅವನ ಅಂಗೈಗೆ ಬಿತ್ತು... ಟಪ್.

"ಏನ್ ಬೇಕಲೇ ನಿನಗ?" ಅಂತ ಪ್ಲಗ್ಗಿಗೇ ಕೇಳಿದ. ಅಳು ಬರುವಂಥ ಸಿಟ್ಟು.

ಶನಿವಾರವೇ ನವಲಗುಂದಕ್ಕೆ ಹೋಗಿ ಹೊಸ ಪ್ಲಗ್ಗು ತಂದ. ರಾತ್ರಿ ಕರೆಂಟು ಬಂದ ಮೇಲೆ ಹಳೆಯದನ್ನು ಕತ್ತರಿಸಿದ. ಅದರ ಕುತ್ತಿಗೆಗೆ ಯಾರೋ ಕೆಂಪು ದಾರ ಬಿಗಿಯಾಗಿ ಸುತ್ತಿದ್ದರು, ಅದನ್ನೂ ಪಕ್ಕಡದಿಂದ ಕಟ್ ಮಾಡಿ ಎಳೆದ. ದಾರದ ತುಂಡು ಅಂಗಿಯ ಕಿಸೆಗೆ ಬಿತ್ತು, ಲಕ್ಷ್ಯ ಕೊಡಲಿಲ್ಲ. ಹೊಸದನ್ನು ಬೆಸೆದ. ಲೈಟು ಹತ್ತಿತು. ಹಳೆಯದನ್ನು ಚೀಲಕ್ಕೆ ಹಾಕಿದ. ಅದನ್ನು ಬಾವಿಗೆ ಒಗೆದದ್ದು, ಆ ಸಪ್ಪಳ ಕೇಳಿದ್ದು, ಮೊದಲೇ ಹೇಳಿದ್ದೇನೆ.

ಆದಿತ್ಯವಾರ ಮುಂಜಾನೆ. ಬೀಗ ತೆಗೆದ. ಹೊಸ ಪ್ಲಗ್ಗು, ಬೆಳ್ಳನೆಯದು, ಒಂದು ರಾತ್ರಿಯೂ ಪೂರಾ ಕಳೆಯದ್ದು. ಮೂರೂ ಕಿವಿ ಹಸಿರು. ಟಪ್... ಟಪ್... ಕೆಳಗೆ ನೆಲ ಒದ್ದೆ. ಬೆರಳು ಅದ್ದಿ ನಾಲಿಗೆಗೆ ಹಚ್ಚಿದ. ಉಪ್ಪು.

ಭೀಮೇಶ ಬಂಪರಿಗೆ ಒರಗಿ ನೆಲಕ್ಕೆ ಕೂತುಬಿಟ್ಟ. ಆಗಲೇ ಪ್ರಭುವಿನ ಬುಲೆಟ್ಟು ಡಬ್ ಡಬ್ ಅನ್ನುತ್ತ ಬಂದು ನಿಂತಿತು.

"ಏನಪಾ, ಆತೇನು?"

"ಆಗತೈತಿ."

"ನಾಳೆ ಐತಿ ಮತ್ತ. ಆಡು ಕೊಳ್ಳಾಕ ಹೇಳಲೇನು ಸಂತ್ಯಾಗ?"

ಬೇರೆ ದಿನವಾಗಿದ್ದರೆ ಭೀಮೇಶ ಹತ್ತು ಉತ್ತರ ಕೊಡುತ್ತಿದ್ದ. ಅವತ್ತು ಪಕ್ಕಡ ಎತ್ತಿ ಚೀಲಕ್ಕೆ ಹಾಕಿದ.

ಮನೆಗೆ ಬಂದು ಅಂಗಿ ಬಿಚ್ಚಿ ಮೂಲೆಗೆ ಎಸೆದ. ಆಯಿ ಒಗೆಯಲಿಕ್ಕೆ ಅಂತ ಕಿಸೆ ತಿರುವಿದಳು. ಕೈ ಅಲ್ಲೇ ನಿಂತಿತು. ದಾರದ ತುಂಡು ಹಿಡಿದುಕೊಂಡು ಅವನ ಹತ್ತಿರ ಬಂದು, ಪಿಸುಮಾತಿನಲ್ಲಿ, "ಇದು ಎಲ್ಲಿತ್ತೋ?"

"ಜೀಪಿನ್ಯಾಗ. ಪ್ಲಗ್ಗಿಗೆ ಸುತ್ತಿದ್ರು."

"ಇದು ಯಮನೂರ ದರ್ಗಾದ ದಾರ. ಖಾಸಿಂಬಿ ಗಂಡಗ ಕಟ್ಟಿದ್ದು. ಕತ್ತರಿಸಿದಿ?"

"ನನಗೇನ ಗೊತ್ತು..."

"ಹೋಗು. ಆಕೀ ಕೈಯಾಗ ಕೊಟ್ಟು ಬಾ. ಈಗ ಹೋಗು."

ಖಾಸಿಂಬಿ ಇಮಾಮಹುಸೇನನ ಹೆಂಡತಿ. ಓಣಿಯ ಕೊನೆಯ ಮನೆ, ಬಾಗಿಲಲ್ಲಿ ಕೂತು ಮೆಣಸಿನಕಾಯಿ ತೊಟ್ಟು ಮುರಿಯುತ್ತಿದ್ದಳು. ದಾರ ನೋಡಿದಳು. ಅಳಲಿಲ್ಲ. ತೆಗೆದುಕೊಂಡು ಸೆರಗಿನ ತುದಿಗೆ ಇಟ್ಟು ಗಂಟು ಹಾಕಿದಳು.

"ಕೈಗೆ ಕಟ್ಟಿದ್ದೆ," ಅಂದಳು. "'ನನಗಿಂತಾ ಆ ಪ್ಲಗ್ಗಿಗೆ ಬೇಕಾಗೇತಿ' ಅಂತ ಬಿಚ್ಚಿ ಅದಕ್ಕ ಸುತ್ತಿದ. ಅಷ್ಟ ಕಾಡತಿತ್ತು ಅದು."

ಭೀಮೇಶ ಬಾಯಿ ತಪ್ಪಿ ಅಂದ, "ಮತ್ತ ಬದಲಿ ಮಾಡಬೇಕಿತ್ತಲ್ಲ ಚಾಚಿ."

ಖಾಸಿಂಬಿ ಮುಖ ಎತ್ತಿ ಅವನನ್ನೇ ನೋಡಿದಳು. "ಚಾದಂಗಡ್ಯಾಗ ನೀ ಅಂದಿದ್ದು ನನ್ನ ಕಿವಿಗೂ ಬಿದ್ದೈತಿ, ಬೇಟಾ."

ಅವನು ಹೊಸ್ತಿಲ ಬದಿಗೆ ಕೂತ.

"ಮೂರು ಸಲ ಕೇಳ್ಯಾನ ಸಾವ್ಕಾರಗ. 'ಪ್ಲಗ್ ಬದಲಿ ಮಾಡೂಣ್ರಿ, ರಾತ್ರಿ ಗಾಡಿ ಒಂಟಿಗಣ್ಣಾಗತೈತಿ' ಅಂತ. ಮೂರೂ ಸಲ 'ಮುಂದಿನ ಸಂತಿಗೆ ನೋಡೂಣು'. ಇಂವಾ ದಿನಾ ಮನಿಗೆ ಬಂದು ಬೈಕೋತ ಇದ್ದ. ಸತ್ತ ಮ್ಯಾಲ ಪೊಲೀಸರು ಕೇಳಿದ್ರು. ಸಾವ್ಕಾರ ಊರ ಮುಂದ ನಿಂತು ಏನಂದ ಗೊತ್ತೈತಿ? 'ಲೈಟ್ ಕೆಟ್ಟೈತಿ ಅಂತ ಡ್ರೈವರ್ ನನಗ ಹೇಳೇ ಇಲ್ಲ.'" ಆಕೆ ಒಂದು ಮೆಣಸಿನಕಾಯಿ ತೊಟ್ಟು ಮುರಿದಳು, ಟಕ್. "ಇಪ್ಪತ್ತು ವರ್ಷ ಒಂದ್ ಕೋಳಿ ಮ್ಯಾಲ ಗಾಡಿ ಹಾಯಿಸಿಲ್ಲ ಅಂವಾ. ಈಗ ಹುಡುಗುರು ಅವನ ಹೆಸರು ಹೇಳಿ ನಗತಾರ. ನೀನೂ ನಕ್ಕಿ."

ಭೀಮೇಶ ಎದ್ದು ಬಂದ. ಚಪ್ಪಲಿ ಅಲ್ಲೇ ಬಿಟ್ಟು ಬಂದಿದ್ದು ಅರ್ಧ ದಾರಿಯಲ್ಲಿ ತಿಳಿಯಿತು.

ಸೋಮವಾರ. ಮುಂಜಾನೆಯಿಂದ ಆ ಹೊಸ ಪ್ಲಗ್ಗನ್ನು ಹನ್ನೊಂದು ಸಲ ತಿಕ್ಕಿದ. ತಿಕ್ಕಿದರೆ ಹೊಳೆಯುವುದು, ತಾಸಿಗೆ ಮಂಕಾಗುವುದು. ಆದರೂ ಬಿಡಲಿಲ್ಲ. ಸಂಜೆ ಏಳಕ್ಕೆ ಸಾವ್ಕಾರ್ರನ್ನು ಕಾರಿನಲ್ಲಿ ಶೆಡ್ಡಿಗೆ ಕರೆತಂದರು. ಬಿಳಿ ಧೋತರ, ಹಣೆ ತುಂಬ ವಿಭೂತಿ, ಕೈಯಲ್ಲಿ ಕೋಲು. ಜೀಪು ನೋಡಿದ ಮುದುಕ ನಗಲಿಲ್ಲ. ಬಲಗಡೆ ಲೈಟಿನ ಮುಂದೆ ನಿಂತ, ಆಮೇಲೆ ಸುತ್ತು ಹಾಕಿ ಎಡಗಡೆಯಿಂದ ಹತ್ತಿದ.

ಪ್ರಭು ಸ್ಟೇರಿಂಗಿಗೆ, ಅಪ್ಪ ಬಾಜೂಕ, ಭೀಮೇಶ ಹಿಂದೆ. ಕೀಲಿ ತಿರುಗಿತು. ಖರ್ರ್... ಧಡ್ ಧಡ್ ಧಡ್. ಗುಂಡಿ ಎಳೆದ. ಎರಡೂ ಲೈಟು ಹತ್ತಿದವು. ಕಡ್ಲಿ ಹೊಲ ಹಾಲು ಚೆಲ್ಲಿದ ಹಾಗೆ ಬೆಳಗಿತು.

"ಶಾಬ್ಬಾಸ್ ಮಗನ!" ಪ್ರಭು ಕೂಗಿದ. ಕಿಸೆಯೊಳಗಿನ ಅಂಗಡಿ ಕೀಲಿ ಝಣ್ ಅನ್ನಿಸಿದ.

ಭೀಮೇಶ ದಾರಿ ನೋಡುತ್ತಿದ್ದ. ಜಾಲಿ ಗಿಡ ಹೋಯಿತು. ಮೋರಿ ಹೋಯಿತು. ಸವಳು ಬಾವಿಯ ಕಟ್ಟೆ ಬೆಳಕಿಗೆ ಬಂತು...

ಟಪ್.

ಬಲಗಡೆ ಲೈಟು ಹೋಯಿತು. ಅದೇ ಉಸಿರಿಗೆ ಎಂಜಿನ್ನೂ ಕೆಮ್ಮಿ ನಿಂತಿತು. ಎಡಗಡೆಯದು ಒಂದೇ ಉರಿಯುತ್ತಿತ್ತು.

"ಏನಲೇ ಇದು?" ಪ್ರಭು ಕೀಲಿ ತಿರುವಿದ. ಖಟ್. ಮತ್ತೆ ಖಟ್. "ಇದನ ಮಾಡಿದ್ದು ನೀ ವಾರಗಟ್ಟಲೆ? ಇಳಿ! ಇಳದು ನೋಡು!"

ಭೀಮೇಶ ಇಳಿದ. ಮುಂದೆ ಬಂದು ಬಲಗಡೆ ಬಗ್ಗಿ, ಜಾಲರಿಯ ಹಿಂದೆ ಕೈ ತೂರಿಸಿದ. ಪ್ಲಗ್ಗಿನವರೆಗೆ ಕೈ ಹೋಗಲೇ ಇಲ್ಲ. ಅಲ್ಲಿ ಮೊದಲೇ ಏನೋ ಇತ್ತು. ತಣ್ಣಗೆ, ಒದ್ದೆ. ಕದಲುತ್ತಿತ್ತು.

ಸ್ರಕ್... ಸ್ರಕ್... ಸ್ರಕ್. ಫೂ.

ಊದಿದ ಗಾಳಿ ಅವನ ಮುಂಗೈಗೆ ತಾಗಿತು.

ಕೈ ಹಿಂದಕ್ಕೆ ಬರಲಿಲ್ಲ. ಮೇಲೆ ನೋಡಿದ. ಗಾಜಿನ ಹಿಂದೆ ಮುದುಕನ ಮುಖ. ಮುದುಕನಿಗೂ ಕೇಳುತ್ತಿದೆ ಅಂತ ಆ ಮುಖ ನೋಡಿದರೆ ತಿಳಿಯುತ್ತಿತ್ತು.

ಅಷ್ಟರಲ್ಲಿ ಊರ ಕಡೆಯಿಂದ, ಕತ್ತಲಲ್ಲಿ...

ಡುಗ್ ಡುಗ್ ಡುಗ್ ಡುಗ್.

ಟ್ರ್ಯಾಕ್ಟರ್. ಲೈಟು ಕಾಣಿಸುತ್ತಿಲ್ಲ. ಬರೀ ಸಪ್ಪಳ. ಎದುರಿನಿಂದ, ಇದೇ ರಸ್ತೆಗೆ.

"ಭೀಮ್ಯಾ, ಸರಿಯಲೇ!" ಪ್ರಭು ಚೀರಿದ. ಹಾರ್ನು ಒತ್ತಿದ. ಹಾರ್ನು ಬಡಿಯಲಿಲ್ಲ. ಕೀಲಿ ಕಿತ್ತು ಮತ್ತೆ ಹಾಕಲಿಕ್ಕೆ ಹೋದ, ಕೀಲಿಯ ತೂತು ಸಿಗಲಿಲ್ಲ. ಕೀಲಿ ಕಿತ್ತಾಗ ಎಡಗಡೆ ಲೈಟೂ ಹೋಯಿತು.

ಡುಗ್ ಡುಗ್ ಡುಗ್. ನೆಲ ಅದುರಿತು. ಭೀಮೇಶನ ಬೆನ್ನಿಗೆ ಡೀಸೆಲ್ ವಾಸನೆ ಬಡಿಯಿತು. ಕೈ ಇನ್ನೂ ಒಳಗೇ.

ಆಗ ಅವನು ಕೂಗಿದ. ಅಂಗಡಿ ಹೋಗುತ್ತದೆ ಅಂತ ಗೊತ್ತಿದ್ದೇ ಕೂಗಿದ. "ಸಾವ್ಕಾರ್ರ! ಇಮಾಮಕಾಕಾ ನಿಮಗ ಹೇಳಿದ್ನೋ ಇಲ್ಲೋ?"

"ಲೇ, ನಾಲಿಗಿ ಬಿಗಿಹಿಡಿ!" ಅಂದ ಪ್ರಭು.

"ಹೇಳಿದ್ನೋ ಇಲ್ಲೋ, ಹೇಳ್ರಿ!"

ಡುಗ್ ಡುಗ್ ಡುಗ್ ಡುಗ್...

"ಹೇಳಿದ್ದ." ಮುದುಕನ ದನಿ ಒಡೆದಿತ್ತು. "ಹೇಳಿದ್ದಪಾ. ಮೂರು ಸಲ ಹೇಳಿದ್ದ. ನಾನ... ಮುಂದಿನ ಸಂತಿಗೆ ಅಂದೆ."

ಸ್ರಕ್ ನಿಂತಿತು.

ಬಲಗಡೆ ಲೈಟು ಹತ್ತಿತು. ಅದೊಂದೇ. ಬೆಳಕು ರಸ್ತೆಯುದ್ದಕ್ಕೂ ಊರಿನ ಮೊದಲ ಮನೆಯ ತನಕ ಹೋಗಿ ಬಿತ್ತು.

ರಸ್ತೆ ಖಾಲಿ. ಟ್ರ್ಯಾಕ್ಟರಿಲ್ಲ, ಗಾಲಿಯ ಧೂಳಿಲ್ಲ, ಸಪ್ಪಳವೂ ಇಲ್ಲ. ಒಂದು ಟಿಟ್ಟಿಭ ಹಕ್ಕಿ ಮಾತ್ರ ಎಲ್ಲೋ ಕೂಗಿ ಸುಮ್ಮನಾಯಿತು.

ಭೀಮೇಶನ ಕೈ ಹಗುರಾಗಿ ಹೊರಗೆ ಬಂತು. ಆಮೇಲೆ ಪ್ರಭು ತನ್ನ ಮುಷ್ಟಿ ಬಿಚ್ಚಿ ನೋಡಿಕೊಂಡ. ಜೀಪಿನ ಕೀಲಿ ಅಲ್ಲೇ ಇತ್ತು, ಅಂಗೈಯಲ್ಲಿ.

"ಮನಿಗೆ ಆಮ್ಯಾಲ," ಅಂದ ಮುದುಕ. "ಮೊದಲ ಖಾಸಿಂಬಿ ಮನಿಗೆ ನಡಿ."

ಈ ಸಲ ಎಂಜಿನ್ನು ಒಂದೇ ತಿರುವಿಗೆ ಶುರುವಾಯಿತು. ಓಣಿಯಲ್ಲಿ ಜೀಪು ಕಂಡು ಜನ ಕೂಡಿತು. ಶಂಭುಲಿಂಗಪ್ಪ ಸಾವ್ಕಾರ್ರು ಕೋಲು ಊರಿಕೊಂಡು ಇಳಿದು, ಖಾಸಿಂಬಿಯ ಬಾಗಿಲ ಮುಂದೆ ನಿಂತು, ಎಲ್ಲರಿಗೂ ಕೇಳುವ ಹಾಗೆ ಅದೇ ಮಾತು ಹೇಳಿದರು. "ನಿನ್ನ ಗಂಡ ಹೇಳಿದ್ದ. ನಾ ಸುಳ್ಳಾಡಿದೆ." ಖಾಸಿಂಬಿ ಸೆರಗಿನ ಗಂಟು ಹಿಡಿದುಕೊಂಡೇ ನಿಂತಿದ್ದಳು. ಆಮೇಲೆ, "ಕುಂದರ್ರಿ, ಚಾ ಮಾಡತೀನಿ," ಅಂದಳು.

ಅಂಗಡಿ? ಪ್ರಭು ಕೊಡುವುದಿಲ್ಲ ಅಂದ. ಅಪ್ಪನನ್ನು ಊರ ಮುಂದೆ ತಲೆತಗ್ಗಿಸುವ ಹಾಗೆ ಮಾಡಿದವನಿಗೆ ಕೀಲಿ ಎಂಥದು ಅಂತ. ಎರಡನೇ ದಿನ ಮುದುಕ ತಾನೇ ಬಂದು ಕೀಲಿಯನ್ನು ಆಯಿಯ ಕೈಯಲ್ಲಿ ಇಟ್ಟು ಹೋದ. ಬೋರ್ಡು ಈಗ ಬಸ್‌ಸ್ಟ್ಯಾಂಡ್ ಬಾಜು ಇದೆ, ಹೋಗಿ ನೋಡಬಹುದು. ಆ ಅಂಗಡಿಯಲ್ಲಿ ಯಾರಾದರೂ ಇಮಾಮನ ಹೆಸರು ಹೇಳಿ ನಕ್ಕರೆ ಭೀಮೇಶ ಅವರ ಗಾಡಿ ಮುಟ್ಟುವುದಿಲ್ಲ.

ಆದರೆ ನಾನು ಹೇಳಬೇಕಾದದ್ದು ಅದಲ್ಲ. ಮಂಗಳವಾರ ಮುಂಜಾನೆ ಭೀಮೇಶ ಸಾವ್ಕಾರ್ರ ಅಂಗಳಕ್ಕೆ ಹೋಗಿ ಜೀಪಿನ ಬಲಗಡೆ ಲೈಟು ಬಿಚ್ಚಿದ. ನಾನೂ ಬಾಜೂಕೇ ನಿಂತಿದ್ದೆ. ಬಿಳಿ ಪ್ಲಗ್ಗು ಅಲ್ಲಿರಲಿಲ್ಲ. ಹಳೆಯದು ಇತ್ತು. ಅವನು ಕತ್ತರಿಸಿದ್ದು, ತನ್ನ ಕೈಯಾರೆ ಬಾವಿಗೆ ಒಗೆದದ್ದು. ಮೂರೂ ಕಿವಿ ಬಂಗಾರದ ಹಾಗೆ ತಿಕ್ಕಿದ್ದವು. ಕುತ್ತಿಗೆಗೆ ಕೆಂಪು ದಾರ ಸುತ್ತಿತ್ತು, ಕಟ್ ಆದಲ್ಲಿ ಒಂದು ಸಣ್ಣ ಗಂಟು. ಖಾಸಿಂಬಿಯ ಮನೆಗೆ ಓಡಿದೆವು. ಆಕೆಯ ಸೆರಗಿನ ಗಂಟು ಹಾಕಿದ್ದು ಹಾಕಿದ ಹಾಗೇ ಇತ್ತು. ಬಿಚ್ಚಿದರೆ ಒಳಗೆ ಏನೂ ಇಲ್ಲ.

ಎರಡು ಮಳೆಗಾಲ ಆಯಿತು. ಆ ಪ್ಲಗ್ಗಿಗೆ ಯಾರೂ ಗ್ರೀಸು ಹಚ್ಚಿಲ್ಲ, ಕಿಲುಬೂ ಬಂದಿಲ್ಲ. ಜೀಪು ಫರಸಿ ಕಲ್ಲು ಹಾಸಿದ ಅಂಗಳದಲ್ಲಿ ನಿಲ್ಲುತ್ತದೆ, ಮೇಲೆ ತಗಡು. ಆದರೂ ದಿನಾ ಮುಂಜಾನೆ ಬಲಗಡೆ ಲೈಟಿನ ಕೆಳಗೆ ಅಂಗೈಯಗಲ ಒದ್ದೆ ಇರುತ್ತದೆ. ಬಿಸಿಲೇರಿದ ಮೇಲೆ ಅದು ಆರಿ, ಬೆಳ್ಳಗೆ ಒಂದು ಗೆರೆ ಉಳಿಯುತ್ತದೆ.

ನಾನು ಅಂಜುವವನಲ್ಲ. ಬೆರಳು ಹಚ್ಚಿ ನಾಲಿಗೆಯ ಮೇಲೆ ಇಟ್ಟು ನೋಡಿದ್ದೇನೆ.

ಉಪ್ಪು.